ಸಾಕ್ಷಿಗೆ ಬಂದ ಸುತ್ತು ವೈರು

ನಿಲಾಯ್, ಶುಕ್ರವಾರ

ಚಿತ್ರದುರ್ಗದ ಬೈಪಾಸಿನಲ್ಲಿರುವ ನನ್ನ ಅಂಗಡಿಯ ಬೋರ್ಡಿನಲ್ಲಿ ಬ್ಯಾಟರಿ ಅನ್ನುವ ಇಂಗ್ಲಿಷ್ ಪದ ತಪ್ಪಾಗಿದೆ. ಬಿ, ಎ, ಟಿ, ಇ, ಆರ್, ಐ. ಬರೆಸಿದವನು ನಾನೇ. ಪೇಂಟರು ಸ್ಪೆಲ್ಲಿಂಗ್ ಕೇಳಿದ, ನಾನು ಬಾಯಲ್ಲಿ ಹೇಗೆ ಬರುತ್ತೋ ಹಾಗೆ ಅಕ್ಷರ ಹೇಳಿದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ನಡುವೆ ಎರಡು ಟಿ ಬೇಕು, ಕೊನೆಗೆ ವೈ ಬೇಕು ಅಂತ ಯಾರು ಹೇಳಬೇಕು? ಇಪ್ಪತ್ತು ವರ್ಷದಿಂದ ಓದಿದವರು ಆ ಬೋರ್ಡು ನೋಡಿ ನಗುತ್ತಾರೆ. ನಕ್ಕು ಮುಗಿದ ಮೇಲೆ ಗಾಡಿಯನ್ನು ನನ್ನ ಹತ್ತಿರವೇ ಬಿಡುತ್ತಾರೆ. ಲಾರಿ, ಬಸ್ಸಿನ ವೈರಿಂಗ್ ಅಂದರೆ ನಮ್ಮ ಕಡೆ ನನ್ನ ಹೆಸರೇ ಹೇಳುವುದು.

ನನ್ನ ಮಗಳು ಚೈತ್ರ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಆ ತಪ್ಪು ಕಂಡುಹಿಡಿದಳು. ಆಮೇಲೆ ಗೆಳತಿಯರ ಜೊತೆ ಸ್ಕೂಲಿನಿಂದ ಬರುವಾಗ ರಸ್ತೆಯ ಆ ಕಡೆಯಿಂದಲೇ ಹೋಗುತ್ತಿದ್ದಳು. ನಾನು ಕಂಡೂ ಕಾಣದ ಹಾಗೆ ಸ್ಕ್ರೂ ಬಿಗಿಯುತ್ತಾ ಕೂರುತ್ತಿದ್ದೆ. ಬೋರ್ಡು ಮಾತ್ರ ಬದಲಾಯಿಸಲಿಲ್ಲ.

ಈಗ ಅವಳು ಮಲೇಷ್ಯಾದ ನಿಲಾಯ್ ಅನ್ನುವ ಊರಿನ ಕಾಲೇಜಿನಲ್ಲಿ ಜೀವವಿಜ್ಞಾನ ಓದುತ್ತಾಳೆ. "ಮುಂದಿನ ಶುಕ್ರವಾರ ಬಾ ಅಪ್ಪ, ಆಗ ನನಗೆ ಬಿಡುವಿರುತ್ತೆ" ಅಂದಿದ್ದಳು. ಮುಂದಿನ ಶುಕ್ರವಾರ ಅಂದರೆ ಬರುವ ಶುಕ್ರವಾರ ಅಂದುಕೊಂಡು ನಾನು ಒಂದು ವಾರ ಮುಂಚೆಯೇ ಇಳಿದುಬಿಟ್ಟೆ. ವಿಮಾನ ನಿಲ್ದಾಣಕ್ಕೆ ಬಂದಾಗ ಅವಳ ಮುಖದಲ್ಲಿ ನಗುವೂ ಇತ್ತು, ಗಾಬರಿಯೂ ಇತ್ತು. ಜೊತೆಗೆ ಅವಳ ರೂಮ್‌ಮೇಟ್ ಮೇ ಲಿಂಗ್, ಇಲ್ಲಿಯದೇ ಚೀನೀ ಮನೆತನದ ಹುಡುಗಿ. ಪುಟ್ಟ ಕಾರು ಅವಳದು.

ನಿಲಾಯ್ ಊರೊಳಗೆ ಬರುತ್ತಿದ್ದ ಹಾಗೆ ನಾನು "ನಿಲ್ಸು ನಿಲ್ಸು" ಅಂದೆ. ಮೇ ಲಿಂಗ್‌ಗೆ ಕನ್ನಡ ಬಾರದಿದ್ದರೂ ಬ್ರೇಕ್ ಹಾಕಿದಳು. ರಸ್ತೆ ಪಕ್ಕ ಹಳದಿ ಬೋರ್ಡು. ಅದರ ಮೇಲೆ ಆಳೆತ್ತರದ ಅಕ್ಷರದಲ್ಲಿ ಬಿ, ಎ, ಟಿ, ಇ, ಆರ್, ಐ.

"ಚೈತ್ರ, ಇದನ್ನ ಬರೆದವನು ನಮ್ಮೂರಿನವನಾ?"

"ಇಲ್ಲಪ್ಪ, ಮಲಯ್ ಭಾಷೇಲಿ ಬ್ಯಾಟರಿ ಸ್ಪೆಲ್ಲಿಂಗೇ ಅದು. ಇವರು ಕಿವಿಗೆ ಕೇಳಿದ ಹಾಗೆ ಬರೀತಾರೆ. ಟೈರು ಕೂಡ ನೋಡು, ಟಿ, ಎ, ವೈ, ಎ, ಆರ್."

ಒಂದು ಇಡೀ ದೇಶ, ಸರ್ಕಾರ, ಸ್ಕೂಲು, ಪೇಪರು, ಎಲ್ಲರೂ ನನ್ನ ಹಾಗೆ ಬರೆಯುತ್ತಾರೆ. ನಾನು ಸೀಟಿನಲ್ಲಿ ಒಂದು ಗೇಣು ಮೇಲೆದ್ದು ಕೂತೆ ಅಂತ ಕಾಣುತ್ತೆ, ಮಗಳು ಕಿಟಕಿ ಕಡೆ ತಿರುಗಿ ನಕ್ಕಳು.

ಅದೇ ನಿಲಾಯ್, ಶನಿವಾರ

ಇಲ್ಲಿ ತಮಿಳು ಮುಸಲ್ಮಾನರ ಹೋಟೆಲಿಗೆ ಮಾಮಕ್ ಅನ್ನುತ್ತಾರೆ. ಟೀಯನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಮಾರುದ್ದ ಎಳೆದು ಹೊಯ್ಯುತ್ತಾರೆ, ಚೆಲ್ಲುವುದಿಲ್ಲ. ನಾನು ಬೆರಳು ತೋರಿಸಿ "ಬೈ ಟು ಟೀ" ಅಂದೆ. ಎರಡು ದೊಡ್ಡ ಲೋಟದ ತುಂಬಾ ತಂದಿಟ್ಟ. ಬೈ ಟು ಅಂದರೆ ಎರಡು ಕೊಳ್ಳು ಅಂತ ಅವನ ಲೆಕ್ಕ. ಒಂದು ಟೀಯನ್ನು ಇಬ್ಬರು ಅರ್ಧರ್ಧ ಕುಡಿಯುವುದು ನಮ್ಮ ಕಡೆ ಪದ್ಧತಿ ಅಂತ ಚೈತ್ರ ವಿವರಿಸಿದ್ದಕ್ಕೆ ಮೇ ಲಿಂಗ್‌ಗೆ ನಗು ತಡೆಯಲಾಗಲಿಲ್ಲ. "ಅಂಕಲ್, ಅಷ್ಟೊಂದು ಕಂಜೂಸಾ?" ಅಂದಳು. ಅದು ಜಿಪುಣತನವಲ್ಲ, ಸ್ನೇಹ ಅಂತ ಹೇಳಿಸಿದೆ.

ಮಾತಿಗೆ ಮಾತು ಬೆಳೆದು ನಾನು ಫೋನು ತೆಗೆದು ನನ್ನ ಅಂಗಡಿ ಬೋರ್ಡಿನ ಫೋಟೋ ತೋರಿಸಿದೆ. "ಅಯ್ಯೋ, ಇದು ಮಲೇಷ್ಯಾ ಲಾ!" ಅಂತ, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ಲಾ ಸೇರಿಸಿ, ಅವಳು ಫೋಟೋವನ್ನು ತನ್ನ ಫೋನಿಗೂ ಕಳಿಸಿಕೊಂಡಳು. ಚೈತ್ರ ಲೋಟದೊಳಗೆ ನೋಡುತ್ತಾ ಕೂತಿದ್ದಳು.

ಆಮೇಲೆ ಹುಡುಗಿಯರು ಓದಲು ಹೋದರು. ನಾನು ಹಳದಿ ಬೋರ್ಡಿನ ಅಂಗಡಿಗೆ ನಡೆದೆ. ಮಾಲೀಕ ಮುತ್ತು, ನನ್ನ ವಯಸ್ಸಿನವನು. ಹೈವೇಯಲ್ಲಿ ತಮಿಳುನಾಡಿನ ಲಾರಿ ಡ್ರೈವರುಗಳ ಹತ್ತಿರ ಕಲಿತ ನನ್ನ ತಮಿಳಿಗೆ ಅವನು ನಕ್ಕರೂ "ವಾಂಗ ಅಣ್ಣೇ" ಅಂತ ಸ್ಟೂಲು ಎಳೆದ. ಶೆಡ್ಡಿನಲ್ಲಿ ಒಂದು ಹಳೇ ಲಾರಿ ನಿಂತಿತ್ತು. ಬೇರೆಯವರು ಹೊಸ ಊರಿಗೆ ಹೋದರೆ ಗುಡಿ ನೋಡುತ್ತಾರೆ, ನಾನು ಡ್ರೈವರ್ ಸೀಟಿನ ಹಿಂದೆ ಕೈ ಹಾಕಿ ನೋಡುತ್ತೇನೆ. ನನ್ನ ಅಭ್ಯಾಸ ಅದು. ವೈರು ನೇರವಾಗಿ ಹೋಗಿತ್ತು. ಚೊಕ್ಕ ಕೆಲಸ. "ನಲ್ಲಾ ಇರುಕ್ಕು" ಅಂದೆ. ಆದರೆ ಈ ದೇಶದಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಹಾರ್ನ್ ರಿಪೇರಿಯಲ್ಲೇ ಅರ್ಧ ದಿನ ಕಳೆಯುವ ನನ್ನಂಥವನು ಇಲ್ಲಿ ಏನು ಮಾಡಬೇಕು ಅಂತ ಮುತ್ತುವನ್ನು ಕೇಳಿದೆ. "ಮಲಗಬೇಕು" ಅಂದ.

ಸಂಜೆ ಮೇ ಲಿಂಗ್ ನನಗೆ ಹಣ್ಣು ತಂದುಕೊಟ್ಟು, ತಮಾಷೆಗೆ ಇಂಗ್ಲಿಷಿನಲ್ಲಿ ಹೇಳಿದ ಮಾತಿನಿಂದ ಎಲ್ಲ ಬಯಲಾಯಿತು. "ಅಂಕಲ್, ಬುಧವಾರ ಕೋರ್ಟಿಗೆ ಬರ್ತೀರಲ್ಲ? ನಾನು ನಿಮ್ಮ ಮಗಳನ್ನ ಕಟಕಟೇಲಿ ನಿಲ್ಲಿಸಿ ಕೊಲ್ತೀನಿ."

ಕೋರ್ಟು ಅಂದ ತಕ್ಷಣ ನಾನು ಹಣ್ಣು ಕೆಳಗಿಟ್ಟೆ. ನಿಜದ ಕೋರ್ಟಲ್ಲ, ಕಾಲೇಜಿನವರು ಆಡಿಸುವ ಕೋರ್ಟು ಅಂತ ಚೈತ್ರ ಬಿಡಿಸಿ ಹೇಳಿದಳು. ಅಮೆರಿಕದಲ್ಲಿ ಇಂಥ ವಿಷಯ ನಿಜವಾಗಿಯೂ ಕೋರ್ಟು ಮೆಟ್ಟಿಲೇರಿತ್ತಂತೆ. ಜೀವಿಗಳು ಒಂದರಿಂದ ಒಂದು ನಿಧಾನಕ್ಕೆ ಬದಲಾಗುತ್ತಾ ಬಂದವು ಅನ್ನುವ ವಿಕಾಸದ ಪಾಠದ ಜೊತೆಗೆ, ಯಾರೋ ಒಬ್ಬ ಬುದ್ಧಿವಂತ ಇವನ್ನೆಲ್ಲ ನಕ್ಷೆ ಹಾಕಿ ಮಾಡಿದ ಅನ್ನುವುದನ್ನೂ ಸೈನ್ಸ್ ಕ್ಲಾಸಿನಲ್ಲಿ ಹೇಳಬೇಕೋ ಬೇಡವೋ ಅಂತ. ಚೀಟಿ ಎತ್ತಿದಾಗ ಚೈತ್ರಳಿಗೆ ವಿಕಾಸದ ಕಡೆಯ ಸಾಕ್ಷಿಯ ಪಾತ್ರ, ಮೇ ಲಿಂಗ್‌ಗೆ ಎದುರು ಕಡೆಯ ವಕೀಲಿ. ಆಟದ ಕೋರ್ಟು, ಮಾರ್ಕು ಮಾತ್ರ ನಿಜದ್ದು. ಹೋದ ಸಲ ಚೈತ್ರ ಇದರಲ್ಲಿ ಫೇಲಾಗಿದ್ದಳು. "ನೀನು ಪುಸ್ತಕ ಒಪ್ಪಿಸ್ತಾ ಇದೀಯ, ಸಾಕ್ಷಿ ಹೇಳ್ತಾ ಇಲ್ಲ" ಅಂದರಂತೆ ಮೇಷ್ಟ್ರು. ಈ ಸಲವೂ ಹೋದರೆ ಪದವಿ ಇಲ್ಲ, ಇನ್ನೂ ಆರು ತಿಂಗಳು ಇಲ್ಲೇ ಕೂರಬೇಕು.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ.

ಬ್ರಿಕ್‌ಫೀಲ್ಡ್ಸ್, ಭಾನುವಾರ

ಮಾರನೇ ದಿನ ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸಿಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದಳು ಚೈತ್ರ. ಸ್ಟೇಷನ್ನಿನಲ್ಲೇ ನಾನು ಶುರು ಮಾಡಿದೆ.

"ಫೇಲಾಗಿದ್ದು ಯಾಕೆ ಹೇಳಲಿಲ್ಲ?"

"ಸುಮ್ನೆ ಟೆನ್ಶನ್ ಮಾಡ್ಕೊತೀಯ ಅಂತ."

"ಕೋರ್ಟಿನ ವಿಷಯ?"

"ಅಪ್ಪ, ನೀನು ಆಯುಧ ಪೂಜೇಲಿ ಸ್ಪಾನರ್‌ಗೂ ಕುಂಕುಮ ಇಡೋನು. ಮನುಷ್ಯ, ಮಂಗ ಒಂದೇ ಮೂಲದಿಂದ ಬಂದವು ಅಂತ ನಾನು ಹೈಸ್ಕೂಲಲ್ಲಿ ಹೇಳಿದಾಗ ನೀನು ತಟ್ಟೆ ಬಿಟ್ಟು ಎದ್ದು ಹೋಗಿದ್ದೆ. ಮರೆತೆಯಾ?"

"ಅದಕ್ಕಲ್ಲ. ಅಪ್ಪ ಓದಿಲ್ಲ, ಅವನಿಗೇನು ತಿಳಿಯುತ್ತೆ ಅಂತ ತಾನೆ?"

ಅವಳು ಹಳಿ ಕಡೆ ತಿರುಗಿದಳು. ರೈಲು ಬಂತು, ಹತ್ತಿದಳು. ನಾನೂ ಸಿಟ್ಟಿನಲ್ಲಿ ಹಿಂದೆಯೇ ಹತ್ತಿದೆ. ತಲೆಗೆ ಬಟ್ಟೆ ಕಟ್ಟಿದ ಹೆಣ್ಣುಮಗಳೊಬ್ಬಳು ಬಹಳ ಮರ್ಯಾದೆಯಿಂದ ಗೋಡೆಯ ಗುಲಾಬಿ ಬೋರ್ಡು ತೋರಿಸಿದಳು. ಹೆಂಗಸರ ಡಬ್ಬಿ. ಯಾರೂ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿ. ತಲೆ ತಗ್ಗಿಸಿ ಪಕ್ಕದ ಡಬ್ಬಿಗೆ ಹೋದೆ. ದಾರಿ ಪೂರ್ತಿ ಮಗಳು ಆ ಡಬ್ಬಿಯಲ್ಲಿ, ನಾನು ಈ ಡಬ್ಬಿಯಲ್ಲಿ.

ಬ್ರಿಕ್‌ಫೀಲ್ಡ್ಸ್ ನೋಡಿದರೆ ಪರದೇಶ ಅನ್ನಿಸುವುದಿಲ್ಲ. ಮಲ್ಲಿಗೆ ಹಾರ, ಸೀರೆ ಅಂಗಡಿ, ಬಾಳೆಲೆ ಊಟ. ಗುಡಿಯಲ್ಲಿ ಅರ್ಚಕರು ಹೆಸರು, ನಕ್ಷತ್ರ ಕೇಳಿದರು. ನಾನು ಮಗಳ ಹೆಸರು ಹೇಳಿ ಬುಧವಾರದ ಪರೀಕ್ಷೆಗೆ ಅರ್ಚನೆ ಮಾಡಿಸಿದೆ. ಅವಳು ನನ್ನ ಮುಖ ನೋಡಿದಳು.

"ಅಪ್ಪ, ನಾನು ವಾದ ಮಾಡ್ತಿರೋದು ಏನಂತ ದೇವರಿಗೆ ಗೊತ್ತಾದ್ರೆ?"

"ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ."

ಅಷ್ಟರ ಮೇಲೆ ಇಬ್ಬರಿಗೂ ನಗು ಬಂತು. ಹೊರಗೆ ಒಂದೂ ಗಾಡಿ ಇಲ್ಲದ ರಸ್ತೆಯಲ್ಲಿ ಜನ ಹಸಿರು ದೀಪಕ್ಕೆ ಕಾಯುತ್ತಾ ನಿಂತಿದ್ದರು. ನಾವೂ ನಿಂತೆವು. ಸುಮ್ಮನೆ ನಿಲ್ಲುವುದಕ್ಕೆ ನನಗೆ ಅಭ್ಯಾಸವಿಲ್ಲ. "ಸರಿ, ಏನು ಹೇಳಬೇಕು ಅಂತಿದೀಯೋ ನನಗೆ ಹೇಳು" ಅಂದೆ.

ವಾಪಸ್ ರೈಲಿನಲ್ಲಿ

ಈ ಸಲ ಎಲ್ಲರ ಡಬ್ಬಿಯಲ್ಲಿ ಕೂತೆವು. ಅವಳು ಶುರು ಮಾಡಿದಳು. ಇಂಗ್ಲಿಷ್ ಪದಗಳ ಮಳೆ. ನಾನು ತಡೆದೆ.

"ನಾನು ಎದುರು ಕಡೆಯವನು ಅಂತ ತಿಳ್ಕೊ. ವೈರಿಂಗ್ ಆದ ಬಸ್ಸು ಕಂಡರೆ ಯಾವನೋ ಕೂತು ಮಾಡಿದಾನೆ ಅಂತೀನಿ. ತಾನಾಗೇ ಆಗುತ್ತಾ? ಮನುಷ್ಯನ ಮೈ ಬಸ್ಸಿಗಿಂತ ದೊಡ್ಡ ವೈರಿಂಗು."

"ಮೇ ಲಿಂಗ್ ಕೂಡ ಇದನ್ನೇ ಕೇಳ್ತಾಳೆ" ಅಂದಳು. ಆಮೇಲೆ ಬೇರೆ ದಾರಿ ಹಿಡಿದಳು. "ಅಪ್ಪ, ನಾಯಿ ನಿಂಬೆಹಣ್ಣು ತಿನ್ನುತ್ತಾ?"

"ಇಲ್ಲ."

"ನಿಂಬೆಹಣ್ಣಲ್ಲಿರೋ ವಿಟಮಿನ್ ಸಿ ಅನ್ನ ನಾಯಿ, ಹಸು, ಮೇಕೆ ಎಲ್ಲ ತಮ್ಮ ಮೈಯಲ್ಲೇ ಮಾಡ್ಕೊಳ್ತವೆ. ನಮಗೆ ಆಗಲ್ಲ. ಆದ್ರೆ ಅದನ್ನ ಮಾಡೋ ಜೀನು ನಮ್ಮ ಮೈಯಲ್ಲೂ ಇದೆ, ಕೆಟ್ಟು ಬಿದ್ದಿದೆ. ಚಿಂಪಾಂಜಿ ಮೈಯಲ್ಲೂ ಇದೆ, ಅದೂ ಕೆಟ್ಟಿದೆ. ಕೆಟ್ಟಿರೋ ಗುರುತುಗಳಲ್ಲಿ ಎಷ್ಟೋ ಎರಡರಲ್ಲೂ ಒಂದೇ ಜಾಗದಲ್ಲಿ, ಒಂದೇ ಥರ ಇವೆ."

ನನಗೆ ಖಾದರ್ ಸಾಬರು ನೆನಪಾದರು.

ಖಾದರ್ ಸಾಬರು ನನಗೆ ಕೆಲಸ ಕಲಿಸಿದ ಉಸ್ತಾದರು. ಅವರು ಯಾವ ಗಾಡಿಗೆ ಕೈ ಹಾಕಿದರೂ, ನೇರ ಮುಂದಕ್ಕೆ ಹೋಗಬೇಕಾದ ಒಂದು ವೈರನ್ನು ಡ್ರೈವರ್ ಸೀಟಿನ ಹಿಂದೆ ಒಯ್ದು, ಒಂದು ಸುತ್ತು ಸುತ್ತಿ, ಎರಡು ಗಂಟು ಹಾಕಿ, ಗಂಟಿನ ಮೇಲೆ ಕೆಂಪು ಟೇಪು ಸುತ್ತಿ ವಾಪಸ್ ಮುಂದಕ್ಕೆ ತರುತ್ತಿದ್ದರು. ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಅವರು ಕೆಲಸ ಕಲಿತ ಕಾಲದ ಗಾಡಿಯಲ್ಲಿ ಬ್ಯಾಟರಿ ಸೀಟಿನ ಕೆಳಗಿತ್ತಂತೆ, ಆಗ ಅದು ಬೇಕಿತ್ತು. ಬ್ಯಾಟರಿ ಜಾಗ ಬದಲಾಯಿತು, ಸುತ್ತು ಉಳಿಯಿತು. ಅವರಿಂದ ನಾನು ಕಲಿತೆ, ನನ್ನಿಂದ ಎಷ್ಟೋ ಜನ ಕಲಿತು ಬೇರೆ ಊರಲ್ಲಿ ಅಂಗಡಿ ಇಟ್ಟರು. ಎಲ್ಲರೂ ಸುತ್ತು ಹಾಕುತ್ತಾರೆ. ಒಬ್ಬ ಮೆಕ್ಯಾನಿಕ್ಕು ತಾನು ಪುಣೆಯಲ್ಲಿ ಕಲಿತವನು ಅಂತ ಜಂಬ ಕೊಚ್ಚುತ್ತಿದ್ದ. ಅವನು ಮಾಡಿದ ಬಸ್ಸಿನ ಸೀಟು ಬಿಚ್ಚಿ ನೋಡಿ, "ನೀನು ಖಾದರ್ ಸಾಬರ ಮನೆಯವನೇ ಕಣಯ್ಯಾ" ಅಂದೆ. ಒಪ್ಪಿಕೊಂಡ.

ಇದನ್ನೆಲ್ಲ ಹೇಳಿ ನಾನು ಮಗಳಿಗೆ ಅಂದೆ, "ಸರಿಯಾಗಿ ಮಾಡಿದ್ದು ನೋಡಿ ಉಸ್ತಾದ್ ಯಾರು ಅಂತ ಹೇಳಕ್ಕಾಗಲ್ಲ ಮಗಳೇ. ಸರಿಯಾಗಿ ಎಲ್ಲರೂ ಮಾಡ್ತಾರೆ. ತಪ್ಪು ನೋಡಿ ಹೇಳ್ತೀನಿ."

ಅವಳು ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು, "ಇನ್ನೊಂದು ಸಲ ಹೇಳು ಅಪ್ಪ" ಅಂದಳು. ಗಂಟು ಎಷ್ಟು, ಟೇಪು ಯಾವ ಬಣ್ಣ ಎಲ್ಲ ಕೇಳಿ ಬರೆದುಕೊಂಡಳು. ಮುತ್ತುವಿನ ಶೆಡ್ಡಿನ ಲಾರಿಯಲ್ಲಿ ಆ ಸುತ್ತು ಇರಲಿಲ್ಲ ಅನ್ನುವುದನ್ನೂ ಹೇಳಿದೆ. ಅದನ್ನೂ ಬರೆದುಕೊಂಡಳು. ನನ್ನ ಮಾತನ್ನು ಅವಳು ಬರೆದುಕೊಂಡದ್ದು ಅದೇ ಮೊದಲು.

ಕೋರ್ಟು, ಬುಧವಾರ

ಕಾಲೇಜಿನ ದೊಡ್ಡ ಹಾಲು. ಎ.ಸಿ. ಎಷ್ಟಿತ್ತೆಂದರೆ ಹೆಂಡತಿ ಕಟ್ಟಿಕೊಟ್ಟಿದ್ದ ಶಾಲನ್ನು ಹೊದ್ದು ಕೂತೆ. ಜಡ್ಜಿನ ಕುರ್ಚಿಯಲ್ಲಿ ನಿವೃತ್ತರಾದ ವಕೀಲರೊಬ್ಬರು, ಬಿಳಿ ಕೂದಲಿನ ತಮಿಳು ಅಮ್ಮ. ಮೊದಲಿಗೇ ಅವರು, "ಇಲ್ಲಿ ಯಾರ ದೇವರ ಮೇಲೂ ಕೇಸಿಲ್ಲ. ಯಾವುದು ಸೈನ್ಸು, ಯಾವುದು ಅಲ್ಲ, ಅಷ್ಟೇ ಪ್ರಶ್ನೆ" ಅಂದರು. ನನಗೆ ಉಸಿರು ಬಂತು. ನನ್ನ ಪಕ್ಕ ಕೂತ ಹುಡುಗ ಅರ್ಥವಾಗದ್ದನ್ನು ತಮಿಳಿನಲ್ಲಿ ಪಿಸುಗುಟ್ಟುತ್ತಿದ್ದ.

ಮೇ ಲಿಂಗ್ ಕರಿ ಕೋಟು ಹಾಕಿ ಎದ್ದಳು. ಮನೆಯಲ್ಲಿ ಕಂಡ ಹುಡುಗಿಯೇ ಅಲ್ಲ. ಕಣ್ಣು, ಕಿವಿ, ಗಾಯವಾದರೆ ರಕ್ತ ಹೆಪ್ಪುಗಟ್ಟುವ ರೀತಿ, ಇವುಗಳಲ್ಲಿ ಒಂದು ಭಾಗ ಕಿತ್ತರೆ ಉಳಿದದ್ದೆಲ್ಲ ವ್ಯರ್ಥ, ಹಾಗಾದರೆ ಒಂದೊಂದಾಗಿ ಹೇಗೆ ಬಂದೀತು ಅಂತ ಕೇಳಿದಳು. ಎಷ್ಟು ಚೆನ್ನಾಗಿ ಕೇಳಿದಳೆಂದರೆ ನಾನು ನನಗೆ ಗೊತ್ತಿಲ್ಲದೆ ತಲೆಯಾಡಿಸಿದೆ. ಕಟಕಟೆಯಿಂದ ಮಗಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಕೂತಲ್ಲೇ ಯೋಚಿಸಿದೆ. ಮೊದಲು ಲಾರಿಗೆ ಸೆಲ್ಫ್ ಇರಲಿಲ್ಲ, ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದೆವು. ಆಮೇಲೆ ಹ್ಯಾಂಡಲ್ ಜೊತೆಗೆ ಸೆಲ್ಫ್ ಬಂತು. ಆಮೇಲೆ ಹ್ಯಾಂಡಲ್ ಹೋಯಿತು. ಈಗ ಸೆಲ್ಫ್ ಕಿತ್ತರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಹಾಗಂತ ಮೊದಲ ದಿನದಿಂದ ಅದಿತ್ತು ಅಂತಲ್ಲ. ಈ ಮಾತನ್ನು ಮಗಳಿಗೆ ಹೇಳಿಕೊಡಲಿಲ್ಲವಲ್ಲ ಅಂತ ಕೈ ಕೈ ಹಿಸುಕಿಕೊಂಡೆ. ಅವಳು ತನ್ನದೇ ಉದಾಹರಣೆ ಕೊಟ್ಟಳು, ಪರವಾಗಿಲ್ಲ ಅನ್ನುವ ಹಾಗಿತ್ತು.

ಆಮೇಲೆ ಕೆಟ್ಟ ಜೀನಿನ ಮಾತು ಬಂತು. ಚೈತ್ರ ಪುಸ್ತಕದ ಮಾತು ಬಿಟ್ಟು ಸುತ್ತು ವೈರಿನ ಕಥೆ ಹೇಳಿದಳು. ಯಾರ ಕಥೆ ಅಂತ ಹೇಳಲಿಲ್ಲ. "ಭಾರತದಲ್ಲಿ ನನಗೆ ಗೊತ್ತಿರೋ ಒಬ್ಬ ವೈರಿಂಗ್ ಕೆಲಸಗಾರ" ಅಂದಳು. ನಾನು ಶಾಲು ಸರಿಮಾಡಿಕೊಂಡೆ. ಒಬ್ಬ ಕೆಲಸಗಾರ. ಇರಲಿ, ಸುಳ್ಳೇನಲ್ಲ.

ಮೇ ಲಿಂಗ್ ನಗುತ್ತಾ ಎದ್ದಳು. ಗೋಡೆಯ ಪರದೆಯ ಮೇಲೆ ಎರಡು ಚಿತ್ರ ಬಂದವು. ಒಂದು ಮುತ್ತುವಿನ ಹಳದಿ ಬೋರ್ಡು. ಇನ್ನೊಂದು ನನ್ನದು.

"ಸಾಕ್ಷಿಯವರೇ, ಇದು ನಿಲಾಯ್. ಇದು ಭಾರತ. ಎರಡರಲ್ಲೂ ಇಂಗ್ಲಿಷಿನ ಒಂದೇ ತಪ್ಪು, ಅಕ್ಷರಕ್ಕಕ್ಷರ. ನಿಮ್ಮ ವಾದ ಸರಿಯಾದ್ರೆ ಇವರಲ್ಲಿ ಒಬ್ಬರು ಇನ್ನೊಬ್ಬರನ್ನ ನೋಡಿ ಬರೆದಿರಬೇಕು. ಅಥವಾ ಇಬ್ಬರಿಗೂ ಒಬ್ಬನೇ ಗುರು. ಹೌದಾ?"

ಹಾಲು ಪೂರ್ತಿ ನಕ್ಕಿತು. ಮಾಮಕ್‌ನಲ್ಲಿ ಜಂಬದಿಂದ ಫೋನು ತೆಗೆದು ನಾನೇ ಕೈಯಾರೆ ಕೊಟ್ಟ ಗುಂಡು. ಹೋಯಿತು, ನನ್ನ ಬೋರ್ಡು ಇವಳನ್ನು ಇಲ್ಲೂ ಬಿಡಲಿಲ್ಲ ಅಂದುಕೊಂಡೆ. ಏನೋ ಹೇಳಬೇಕು ಅನ್ನಿಸಿ ಎದ್ದು ನಿಂತೆ. ಜಡ್ಜಮ್ಮ ಕನ್ನಡಕದ ಮೇಲಿಂದ ನೋಡಿ ತಮಿಳಿನಲ್ಲೇ, "ಅಯ್ಯಾ, ನಿಮ್ಮ ಹೆಸರು ಸಾಕ್ಷಿ ಪಟ್ಟಿಯಲ್ಲಿಲ್ಲ, ಉಕ್ಕಾರುಂಗೊ" ಅಂದರು. ಕೂತೆ.

ಚೈತ್ರ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಮೈಕು ಹತ್ತಿರ ಎಳೆದುಕೊಂಡಳು.

"ಆ ಎರಡನೇ ಬೋರ್ಡು ನನ್ನ ತಂದೆಯದು. ಈಗ ಎದ್ದು ನಿಂತವರೇ ಅವರು. ನಾನು ಹೇಳಿದ ವೈರಿಂಗ್ ಕೆಲಸಗಾರನೂ ಅವರೇ."

ನಗುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಅವರು ಅದನ್ನ ಯಾರನ್ನೂ ನೋಡಿ ಬರೆಯಲಿಲ್ಲ. ಕಿವಿಯಿಂದ ಬರೆದರು. ಕಿವಿಯಿಂದ ಬರೆಯೋ ಯಾರು ಬೇಕಾದ್ರೂ ಆ ಅಕ್ಷರಗಳಿಗೇ ಬರ್ತಾರೆ. ಅದಕ್ಕೇ ಅಂಥ ಒಂದು ಹೋಲಿಕೆಯಿಂದ ನೆಂಟಸ್ತನ ಹೇಳಕ್ಕಾಗಲ್ಲ. ಗಿನಿಪಿಗ್ ಕೂಡ ವಿಟಮಿನ್ ಸಿ ಮಾಡಲ್ಲ, ಹೊರಗಿನ ಬೋರ್ಡು ನಮ್ಮದರ ಹಾಗೇ. ಆದ್ರೆ ಒಳಗೆ ಬಿಚ್ಚಿ ನೋಡಿದ್ರೆ ಅದರ ಜೀನು ಕೆಟ್ಟಿರೋ ರೀತಿ ಬೇರೆ. ನನ್ನ ತಂದೆ ಶನಿವಾರ ನಿಲಾಯ್ ಅಂಗಡೀಲಿ ಲಾರಿಯ ಸೀಟಿನ ಹಿಂದೆ ನೋಡಿದ್ರು. ಬೋರ್ಡು ಒಂದೇ, ಸುತ್ತು ಇರಲಿಲ್ಲ. ಅಲ್ಲಿಗೆ ಮುಗೀತು, ಆ ಅಂಗಡಿಯವರು ಇವರ ಉಸ್ತಾದರ ಶಿಷ್ಯರಲ್ಲ. ಅದೇ ಸುತ್ತು, ಎರಡು ಗಂಟು, ಗಂಟಿನ ಮೇಲೆ ಕೆಂಪು ಟೇಪು, ಮೂರೂ ಒಟ್ಟಿಗೆ ಸಿಕ್ಕಿದ್ರೆ ಮಾತ್ರ ಇವರು ಹೌದು ಅಂತಾರೆ. ನಾವು ಚಿಂಪಾಂಜಿ ವಿಷಯದಲ್ಲಿ ಹೌದು ಅನ್ನೋದು ಹಾಗೆ."

"ಮಾಡಿದವನು ಒಬ್ಬನೇ ಆಗಿದ್ದು, ಒಂದೇ ನಕ್ಷೆ ಎರಡು ಸಲ ಬಳಸಿರಬಾರದಾ?" ಮೇ ಲಿಂಗ್ ಬಿಡಲಿಲ್ಲ.

"ಒಳ್ಳೇ ನಕ್ಷೆ ಆದ್ರೆ ಬಳಸಬಹುದು. ಕೆಟ್ಟು ಹೋದ ಭಾಗವನ್ನ, ಕೆಟ್ಟ ಹಾಗೇ, ಎರಡಕ್ಕೂ ಯಾಕೆ ಹಾಕ್ತಾನೆ? ಅವನಿಷ್ಟ ಅಂತ ಹೇಳಬಹುದು. ಆದ್ರೆ ಅವನಿಷ್ಟ ಅನ್ನೋ ಉತ್ತರ ಏನು ಕಂಡರೂ ಹೊಂದುತ್ತೆ. ನನ್ನ ತಂದೆ ಸೀಟು ಬಿಚ್ಚುವಾಗ ತಮ್ಮ ಮಾತು ಸುಳ್ಳಾಗೋ ಸಾಧ್ಯತೆ ಇಟ್ಕೊಂಡೇ ಬಿಚ್ಚುತ್ತಾರೆ."

ಮೇ ಲಿಂಗ್ "ಇನ್ನು ಪ್ರಶ್ನೆ ಇಲ್ಲ" ಅಂತ ಕೂತಳು. ಕೂರುವಾಗ ನನ್ನ ಕಡೆ ಒಂದು ಕಣ್ಣು ಹೊಡೆದಳು.

ತೀರ್ಪು ಬಹಳ ಚಿಕ್ಕದು. ನಂಬಿಕೆಗೆ ಮನೆಯಲ್ಲೂ ಗುಡಿಯಲ್ಲೂ ಜಾಗವಿದೆ, ಸೈನ್ಸ್ ಕ್ಲಾಸಿಗೆ ಬರುವ ಮಾತು ಸೀಟು ಬಿಚ್ಚಿ ತೋರಿಸಲು ತಯಾರಿರಬೇಕು ಅಂದರು ಜಡ್ಜಮ್ಮ. ಸೀಟು ಬಿಚ್ಚಿ ಅಂತಲೇ ಅಂದರು. ಮಾರ್ಕಿನ ಹಾಳೆ ಹಿಡಿದು ಮಗಳು ಹೊರಗೆ ಬಂದಾಗ ಕೇಳುವ ಅಗತ್ಯವೇ ಇರಲಿಲ್ಲ. ಚೆನ್ನಾಗಿಯೇ ಪಾಸಾಗಿದ್ದಳು.

"ಬೈದುಬಿಡು ಅಪ್ಪ. ಮೊದಲು ನಿನ್ನ ಹೆಸರು ಹೇಳದೇ ಹೋದೆ."

"ಬೈಯೋದು ನಿನ್ನನ್ನಲ್ಲ. ಫೋಟೋ ಕೊಟ್ಟ ನನ್ನನ್ನ."

ದೇವರು ಎಲ್ಲವನ್ನೂ ಒಂದೊಂದಾಗಿ ಮಾಡಿದನೋ, ಒಂದರಿಂದ ಒಂದು ಆಗುವ ಹಾಗೆ ಮಾಡಿ ಬಿಟ್ಟನೋ, ಅದು ನನ್ನ ಮತ್ತು ಅವನ ನಡುವಿನ ಮಾತು. ಈ ಆಯುಧ ಪೂಜೆಗೂ ಸ್ಪಾನರಿಗೆ ಕುಂಕುಮ ಇಡುತ್ತೇನೆ. ಆದರೆ ಸೀಟಿನ ಹಿಂದೆ ಕೈ ಹಾಕಿ ಸಿಕ್ಕಿದ್ದನ್ನು ಸಿಕ್ಕಿಲ್ಲ ಅನ್ನುವುದು ನನ್ನಿಂದಾಗದು.

ಹೊರಡುವ ದಿನ, ಮತ್ತೆ ಊರು

ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರು ನಿಲ್ಲಿಸಲು ಹೇಳಿದ್ದು ಈ ಸಲ ಚೈತ್ರ. ಹಳದಿ ಬೋರ್ಡಿನ ಕೆಳಗೆ ನನ್ನನ್ನೂ ಮುತ್ತುವನ್ನೂ ನಿಲ್ಲಿಸಿದಳು. ಮೇ ಲಿಂಗ್ ಕೈಗೆ ಫೋನು ಕೊಟ್ಟು, ರಸ್ತೆ ದಾಟಿ ಈ ಕಡೆ ಬಂದು, ನನ್ನ ಪಕ್ಕ ತಾನೂ ನಿಂತಳು.

ಊರಿಗೆ ಬಂದು ಕೈ ಹಾಕಿದ ಮೊದಲ ಗಾಡಿ ಒಂದು ಸಕ್ಕರೆ ಲಾರಿ. ಮುಂದಕ್ಕೆ ಹೋಗುವ ವೈರು ಎಳೆಯುತ್ತಿದ್ದೆ. ನೋಡುತ್ತೇನೆ, ಕೈ ತಾನಾಗಿ ಸೀಟಿನ ಹಿಂದೆ ಹೋಗಿ ಸುತ್ತು ಹಾಕಿ ಒಂದು ಗಂಟೂ ಹಾಕಿತ್ತು. ಬಿಚ್ಚೋಣವೇ ಅಂತ ಒಂದು ಗಳಿಗೆ ಯೋಚಿಸಿದೆ. ಪ್ರಯೋಜನವಿಲ್ಲದ ಸುತ್ತು. ಆಮೇಲೆ ಎರಡನೇ ಗಂಟು ಹಾಕಿ, ಡಬ್ಬಿಯಲ್ಲಿ ಕೆಂಪು ಟೇಪು ಹುಡುಕಿದೆ.